ಕುದಿಸಿದರೂ ಹೋಗದ ಫ್ಲೋರೈಡ್: ನಲ್ಲಿ ನೀರು ಪರೀಕ್ಷೆ ಮಾಡಿಸುವುದು ಹೇಗೆ?

ಕೋಲಾರ, ಚಿಕ್ಕಬಳ್ಳಾಪುರ ಕಡೆಯ ನಲ್ಲಿಗಳಲ್ಲಿ ಬರುವುದು ಹೆಚ್ಚಾಗಿ ಕೊಳವೆಬಾವಿ ನೀರು. ಸಾವಿರ ಅಡಿ ದಾಟಿದ ಬೋರ್‌ವೆಲ್ ಇಲ್ಲಿ ಅಪರೂಪವಲ್ಲ. ಆಳದ ಬಂಡೆಯ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತ ನೀರು ಫ್ಲೋರೈಡನ್ನು (ಬಂಡೆಯಲ್ಲಿರುವ, ಅತಿಯಾದರೆ ಹಲ್ಲು, ಮೂಳೆ ಕೆಡಿಸುವ ಲವಣ) ಕರಗಿಸಿಕೊಂಡು ಮೇಲೆ ಬರುತ್ತದೆ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕುದಿಸಿದರೆ ರೋಗಾಣು ಸಾಯುತ್ತದೆ, ಫ್ಲೋರೈಡ್ ಅಲ್ಲೇ ಉಳಿಯುತ್ತದೆ. ಲೀಟರಿಗೆ 2 ಮಿ.ಗ್ರಾಂ. ಇರುವ 5 ಲೀಟರ್ ನೀರು ಕುದಿದು 4 ಲೀಟರಿಗೆ ಇಳಿದರೆ ಪ್ರಮಾಣ 2.5 ಮಿ.ಗ್ರಾಂ.ಗೆ ಏರುತ್ತದೆ! ಕ್ಯಾಂಡಲ್ ಫಿಲ್ಟರ್, ಯುವಿ (ನೇರಳಾತೀತ ಬೆಳಕಿನ) ಯಂತ್ರಗಳಿಂದಲೂ ಅದು ಹೋಗದು. ಹಾಗಾಗಿ ಫಿಲ್ಟರ್ ಅಂಗಡಿಗೆ ಹೋಗುವ ಮೊದಲು ನೀರಿನ ಪ್ರಯೋಗಾಲಯಕ್ಕೆ ಹೋಗಿ.

ಮಾದರಿ ಹಿಡಿಯುವುದು: ರಾಸಾಯನಿಕ ಪರೀಕ್ಷೆಗೆ 1 ಲೀಟರಿನ ಶುಭ್ರ ಪ್ಲಾಸ್ಟಿಕ್ ಬಾಟಲಿ ಬೇಕು. ಗಾಜು ಬೇಡ, ಫ್ಲೋರೈಡ್ ಅದರೊಡನೆ ವರ್ತಿಸಬಹುದು. ನಲ್ಲಿಯನ್ನು 2–3 ನಿಮಿಷ ಹರಿಯಬಿಟ್ಟು, ಅದೇ ನೀರಿನಲ್ಲಿ ಬಾಟಲಿಯನ್ನು ಮೂರು ಸಲ ಜಾಲಾಡಿಸಿ ತುಂಬಿಸಿ. ಸಂಪಿನ ನೀರನ್ನೂ ಬೇರೆ ಬಾಟಲಿಯಲ್ಲಿ ಹಿಡಿದರೆ ಒಳ್ಳೆಯದು.

ರೋಗಾಣು ಪರೀಕ್ಷೆಯ ರೀತಿಯೇ ಬೇರೆ. ಬಾಟಲಿಯನ್ನು ಪ್ರಯೋಗಾಲಯದಿಂದಲೇ ತರಬೇಕು, ಜಾಲಾಡಿಸಬಾರದು. ಕ್ಲೋರಿನ್ ತಟಸ್ಥಗೊಳಿಸುವ ಔಷಧಿಯನ್ನು ಅದರಲ್ಲಿ ಮೊದಲೇ ಹಾಕಿರುತ್ತಾರೆ. ತೊಳೆದರೆ ಅದು ಹೋಗಿ, ಕೆಟ್ಟ ನೀರಿಗೂ ಒಳ್ಳೆಯ ವರದಿ ಬರಬಹುದು. ಐಸ್ ಜೊತೆಗಿಟ್ಟು ಆದಷ್ಟು 6 ಗಂಟೆಯೊಳಗೆ ತಲುಪಿಸಿ.

ವರದಿ ಓದುವುದು: ಕುಡಿಯುವ ನೀರಿನ ಭಾರತೀಯ ಮಾನದಂಡವಾದ ಐಎಸ್ 10500ರಂತೆ ಲೀಟರಿಗೆ ಫ್ಲೋರೈಡ್ 1 ಮಿ.ಗ್ರಾಂ. ಒಳಗಿರಬೇಕು. ಬೇರೆ ನೀರಿಲ್ಲದಿದ್ದರೆ ಮಾತ್ರ 1.5ರವರೆಗೆ ಒಪ್ಪುತ್ತಾರೆ. ನೈಟ್ರೇಟ್ (ಗೊಬ್ಬರ, ಚರಂಡಿಯಿಂದ ಸೇರುವ ಲವಣ) 45 ದಾಟಬಾರದು. ಟಿಡಿಎಸ್ (ನೀರಿನಲ್ಲಿ ಕರಗಿದ ಎಲ್ಲ ಲವಣಗಳ ಮೊತ್ತ) 500ರೊಳಗಿದ್ದರೆ ಉತ್ತಮ, ಬೇರೆ ದಾರಿಯಿಲ್ಲದಿದ್ದರೆ 2000. ಫಿಲ್ಟರ್ ಮಾರುವವರು ಟಿಡಿಎಸ್ ಮೀಟರ್ ಅದ್ದಿ ತೋರಿಸಿ ಹೆದರಿಸುತ್ತಾರಲ್ಲ, ಆ ಮೀಟರಿಗೆ ಫ್ಲೋರೈಡ್ ಎಷ್ಟಿದೆಯೆಂಬುದು ಗೊತ್ತೇ ಆಗದು.

ಫ್ಲೋರೈಡ್ ಹೆಚ್ಚಿದ್ದರೆ: ಆರ್‌ಒ ಯಂತ್ರದ (ಸೂಕ್ಷ್ಮ ಪೊರೆಯ ಮೂಲಕ ಒತ್ತಿ ಸೋಸುವ) ನೀರು, ಊರಿನ ಶುದ್ಧ ನೀರಿನ ಘಟಕದ ನೀರು, ಇಲ್ಲವೇ ಚಾವಣಿಯಿಂದ ಹಿಡಿದ ಮಳೆನೀರು ಬಳಸಿ. ಮಳೆನೀರನ್ನು ಕುದಿಸಿಯೇ ಕುಡಿಯಬೇಕು. ಹಲವರು ಎಡವುವುದು ಅಡುಗೆಯಲ್ಲಿ: ಕುಡಿಯಲು ಕ್ಯಾನ್ ನೀರು, ಮುದ್ದೆಗೂ ಸಾರಿಗೂ ನಲ್ಲಿ ನೀರು. ಫ್ಲೋರೈಡ್ ಅನ್ನದ ಜೊತೆ ಹೊಟ್ಟೆಗೇ ಹೋಗುತ್ತದೆ. ಮಕ್ಕಳಿಗೆ 8 ವರ್ಷದವರೆಗೆ ಹಲ್ಲು ಒಸಡಿನೊಳಗೆ ರೂಪುಗೊಳ್ಳುವ ಕಾಲ. ಕಂದು ಕಲೆ ಬೀಳುವುದು ಆಗಲೇ, ಆಮೇಲೆ ಉಜ್ಜಿದರೆ ಹೋಗುವುದಲ್ಲ.

ರೋಗಾಣು ಇದ್ದರೆ: ನೀರು ಬಿಡದ ದಿನ ಪೈಪು ಖಾಲಿಯಾಗಿ, ಬಿರುಕಿನಿಂದ ಚರಂಡಿ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ. ನಲ್ಲಿ ಪೈಪಿಗೇ ಮೋಟರ್ ಕೂಡಿಸಿದರೆ ಈ ಎಳೆತ ಇನ್ನೂ ಜೋರು. ನೀರು ಬಿಟ್ಟೊಡನೆ ಬರುವ ಮೊದಲ ಕೆಲವು ಬಿಂದಿಗೆಯನ್ನು ಪಾಯಿಖಾನೆಗೆ, ನೆಲ ಒರೆಸಲು ಇಡಿ. ಸಂಪು ತೊಳೆದು ತುಂಬಿಸಿದ ಮೇಲೆ 4000 ಲೀಟರಿಗೆ 10 ಗ್ರಾಂ ಬ್ಲೀಚಿಂಗ್ ಪೌಡರನ್ನು ಪ್ಲಾಸ್ಟಿಕ್ ಬಕೆಟಿನಲ್ಲಿ ಕದಡಿ, ಸುಣ್ಣ ತಳಕ್ಕಿಳಿದ ಮೇಲೆ ತಿಳಿನೀರನ್ನಷ್ಟೇ ಸುರಿಯಿರಿ. ಅರ್ಧ ಗಂಟೆ ಬಿಟ್ಟು ಬಳಸಿ. ಘಾಟು ಹೋದ, ಗಟ್ಟಿಯಾದ ಪೌಡರಿನಿಂದ ಪ್ರಯೋಜನವಿಲ್ಲ.

ಆರ್‌ಒ ಇದ್ದವರಿಗೆ ಟಿಡಿಎಸ್ ಮೀಟರ್ ಉಪಯೋಗಕ್ಕೆ ಬರುವುದು ಇಲ್ಲಿ. ಒಳಹೋಗುವ ನೀರು 900 ಇದ್ದು, ಹೊರಬರುವ ನೀರು ಮೊದಲು 90 ಬರುತ್ತಿದ್ದದ್ದು ಈಗ 250 ತೋರಿಸಿದರೆ ಮೆಂಬ್ರೇನ್ (ಸೋಸುವ ಪೊರೆ) ಸೋತಿದೆ. ಹೊಸದು ಹಾಕಿಸಿ, ಫ್ಲೋರೈಡನ್ನು ಇನ್ನೊಮ್ಮೆ ಪರೀಕ್ಷೆ ಮಾಡಿಸಿ.