ಮೀನುಮರಿಯ ಹೊಟ್ಟೆ ಖಾಲಿ ಇರುವಾಗಲೇ ಹಿಡಿಯಬೇಕು: ನನ್ನ ಅನುಭವ

ಸಾಮಾನ್ಯ ಗೆಂಡೆ (ಕಾಮನ್ ಕಾರ್ಪ್) ಮೀನಿನ ಮೊಟ್ಟೆ 24 ಡಿಗ್ರಿ ನೀರಿನಲ್ಲಿ ಹೆಚ್ಚುಕಡಿಮೆ ಮೂರು ದಿನಕ್ಕೆ ಮರಿಯಾಗುತ್ತದೆ. ಹೊರಬಂದ ಮರಿ ತಕ್ಷಣ ತಿನ್ನುವುದಿಲ್ಲ. ತೊಟ್ಟಿಯ ಗೋಡೆಗೆ ಅಂಟಿಕೊಂಡು, ಹೊಟ್ಟೆಯಡಿಯ ಹಳದಿ ಚೀಲದಲ್ಲಿರುವ ಆಹಾರವನ್ನೇ ಕರಗಿಸಿಕೊಳ್ಳುತ್ತಾ ಎರಡು ಮೂರು ದಿನ ಸುಮ್ನೆ ಇರುತ್ತದೆ. ಮೊಟ್ಟೆಯಿಂದ ಹಿಡಿದು ಮೂರು ವಾರದ ತನಕ ಅದರ ಮೈಯಲ್ಲಿ ಜೀರ್ಣಕಿಣ್ವಗಳು, ಹಾರ್ಮೋನುಗಳು ಹೇಗೆ ಏರಿಳಿಯುತ್ತವೆ ಎಂದು ಅಳೆಯುವುದು ನನ್ನ ಕೆಲಸವಾಗಿತ್ತು.

ಇಷ್ಟು ಪುಟ್ಟ ಮರಿಯಿಂದ ರಕ್ತ ತೆಗೆಯಲು ಆಗುವುದಿಲ್ಲ. ಅದಕ್ಕೇ ಹತ್ತಾರು ಮರಿಗಳಿಗೆ ಅರಿವಳಿಕೆ ಕೊಟ್ಟು, ದ್ರವ ಸಾರಜನಕದಲ್ಲಿ ಒಟ್ಟಿಗೆ ಹೆಪ್ಪುಗಟ್ಟಿಸಿ, ಆಮೇಲೆ ಐಸ್ ಮೇಲಿಟ್ಟು ಇಡಿಯಾಗಿ ಅರೆಯುತ್ತಿದ್ದೆ.

ಟ್ರಿಪ್ಸಿನ್ ಎಂದರೆ ಪ್ರೋಟೀನು ಜೀರ್ಣಿಸುವ ಕಿಣ್ವ. ಅದನ್ನು ಅಳೆಯಲು ಹಾಕುವ ಬಾಪ್ನಾ ಎಂಬ ರಾಸಾಯನಿಕವನ್ನು ಆ ಕಿಣ್ವ ಒಡೆದಾಗ ಹಳದಿ ಬಣ್ಣ ಬರುತ್ತದೆ. ಬಣ್ಣ ಗಾಢವಾದಷ್ಟೂ ಕಿಣ್ವ ಜಾಸ್ತಿ. ಏಳನೇ ದಿನದ ಮೂರು ಮಾದರಿಗಳಲ್ಲಿ ಒಂದು ಬರೀ ತೆಳು ಹಳದಿ, ಉಳಿದೆರಡು ಕಡು ಹಳದಿ. ಒಂದೇ ತೊಟ್ಟಿ, ಒಂದೇ ವಯಸ್ಸು! ಎರಡು ದಿನ ತಲೆ ಕೆಡಿಸಿಕೊಂಡೆ. ಕೊನೆಗೆ ಅದೇ ತೊಟ್ಟಿಯ ಮರಿಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದೆ. ಗಾಜಿನಂಥ ಮೈಯೊಳಗೆ ಕಿತ್ತಳೆ ಬಣ್ಣದ ದಾರದಂತೆ ಆರ್ಟೀಮಿಯಾ (ಮರಿಗಳಿಗೆ ಮೇವಾಗಿ ಹಾಕುವ ಪುಟ್ಟ ಸಿಗಡಿಯಂಥ ಜೀವಿ) ಕಾಣಿಸಿತು. ಕೆಲವು ಮರಿಗಳ ಕರುಳು ತುಂಬಿತ್ತು, ಕೆಲವುದರಲ್ಲಿ ಏನೂ ಇರಲಿಲ್ಲ. ತಿಂದ ಮರಿ ಟ್ರಿಪ್ಸಿನ್ ಜಾಸ್ತಿ ಸುರಿಸುತ್ತದೆ. ಆರ್ಟೀಮಿಯಾಗೂ ತನ್ನದೇ ಕಿಣ್ವಗಳಿವೆ. ನಾನು ಎಲ್ಲವನ್ನೂ ಸೇರಿಸಿ ಅರೆದಿದ್ದೆ.

ಆ ವಾರದ ಅಂಕಿಗಳನ್ನೆಲ್ಲ ಕೈಬಿಟ್ಟೆ. ಬೇಸರವಾಯಿತು, ಆದರೆ ಬೇರೆ ದಾರಿ ಇರಲಿಲ್ಲ. ಅಲ್ಲಿಂದ ಮುಂದೆ ಬೆಳಗ್ಗೆ ಮೊದಲ ಮೇವು ಹಾಕುವ ಮುಂಚೆಯೇ ಮರಿ ಹಿಡಿದೆ, ಕರುಳು ಖಾಲಿ ಇದೆಯೇ ಎಂದು ನೋಡಿಯೇ ಹೆಪ್ಪುಗಟ್ಟಿಸಿದೆ. ಮಾದರಿಗಳು ಒಂದಕ್ಕೊಂದು ಹೊಂದತೊಡಗಿದವು. (ಜಠರದಲ್ಲಿ ಸುರಿಯುವ ಕಿಣ್ವವಾದ ಪೆಪ್ಸಿನ್ ನೋಡಲೇ ಇಲ್ಲ. ಗೆಂಡೆಗೆ ಜಠರವೇ ಇಲ್ಲ ಅಲ್ವಾ!)

ಹಾರ್ಮೋನುಗಳ ಕಥೆ ನನಗೆ ಇನ್ನೂ ಇಷ್ಟ. ಮೊಟ್ಟೆಯಲ್ಲಿರುವ ಥೈರಾಯ್ಡ್ ಹಾರ್ಮೋನು, ಕಾರ್ಟಿಸಾಲ್ (ಒತ್ತಡದ ಹಾರ್ಮೋನು) ಎರಡೂ ತಾಯಿ ತುಂಬಿಟ್ಟು ಕಳಿಸಿದ್ದು. ದಿನ ಕಳೆದಂತೆ ಅವು ಇಳಿಯುತ್ತವೆ. ಮರಿಯ ಸ್ವಂತ ಗ್ರಂಥಿಗಳು ಕೆಲಸ ಶುರುಮಾಡಿದ ಮೇಲೆ ಮತ್ತೆ ಏರುತ್ತವೆ. ನನ್ನ ನಕ್ಷೆಯಲ್ಲಿ ಆ ತಗ್ಗು ಮೂಡಿದ ದಿನ ತುಂಬಾ ಹೊತ್ತು ಅದನ್ನೇ ನೋಡುತ್ತಾ ಕುಳಿತೆ. ಒಂದೇ ಎಚ್ಚರ: ಬಲೆ ಹಾಕಿದ ಗಾಬರಿಗೇ ಬಲಿತ ಮರಿಯಲ್ಲಿ ಕಾರ್ಟಿಸಾಲ್ ಏರುತ್ತದೆ. ಹಾಗಾಗಿ ಬಲೆ ಹಾಕುವ ಮೊದಲೇ ಅರಿವಳಿಕೆ, ಸಾರಜನಕ ಎಲ್ಲ ತೊಟ್ಟಿಯ ಪಕ್ಕದಲ್ಲೇ ಸಿದ್ಧ ಇಟ್ಟುಕೊಳ್ಳುತ್ತಿದ್ದೆ.