ಸರಾಸರಿಯನ್ನು ಬಿಡಿಸಿ ನೋಡಿದಾಗ

ಮುಖ ಗುರುತಿಸುವ ತಂತ್ರಾಂಶವೊಂದನ್ನು ಪರೀಕ್ಷಿಸುವ ಕೆಲಸ ನನಗೆ ಬಂದಾಗ, ತಯಾರಕರ ವರದಿಯ ಮೊದಲ ಪುಟದಲ್ಲಿ ಒಂದೇ ಅಂಕಿ ಇತ್ತು: ಒಟ್ಟು ನಿಖರತೆ. ಅಂಕಿಯೇನೋ ಚೆನ್ನಾಗಿತ್ತು. ಯಾರ ಮುಖಗಳ ಮೇಲೆ ಅಳೆದಿರಿ ಎಂದು ಕೇಳಿದೆ. ‘ಎಲ್ಲ ಬಗೆಯವರೂ ಇದ್ದಾರೆ’ ಎಂಬ ಉತ್ತರ ಬಂತು. ಯಾರು ಎಷ್ಟು ಮಂದಿ ಎಂದು ಮಾತ್ರ ಯಾರೂ ಎಣಿಸಿರಲಿಲ್ಲ.

ಆ ಎಣಿಕೆಯಿಂದಲೇ ಶುರು ಮಾಡಿದೆ. ದಾರಿ ತೋರಿಸಿದ್ದು ಜಾಯ್ ಬುವೊಲಮ್ವಿನಿ ಮತ್ತು ಟಿಮ್ನಿಟ್ ಗೆಬ್ರು ಎಂಬ ಸಂಶೋಧಕಿಯರು 2018ರಲ್ಲಿ ಪ್ರಕಟಿಸಿದ ಅಧ್ಯಯನ. ಆಫ್ರಿಕಾದ ಮೂರು, ಯುರೋಪಿನ ಮೂರು ದೇಶಗಳ 1270 ಸಂಸದರ ಚಿತ್ರಗಳನ್ನು ಕೂಡಿಹಾಕಿ, ಮುಖ ನೋಡಿ ಹೆಣ್ಣೋ ಗಂಡೋ ಎಂದು ಹೇಳುವ ಮೂರು ಕಂಪನಿಗಳ ತಂತ್ರಾಂಶಗಳನ್ನು ಅವರು ಪರೀಕ್ಷಿಸಿದ್ದರು. ತಿಳಿಬಣ್ಣದ ಗಂಡಸರಲ್ಲಿ ತಪ್ಪು ಶೇ. 0.8ನ್ನು ಮೀರಲಿಲ್ಲ. ಕಪ್ಪು ಬಣ್ಣದ ಹೆಂಗಸರಲ್ಲಿ ಅದು ಶೇ. 34.7ರವರೆಗೆ ಏರಿತ್ತು. ಬಣ್ಣವನ್ನೂ ಲಿಂಗವನ್ನೂ ಒಟ್ಟಿಗೆ ಬಿಡಿಸಿ ನೋಡಿದ್ದರಿಂದಲೇ ಆ ಅಂತರ ಅಷ್ಟು ಸ್ಪಷ್ಟವಾಗಿ ಕಂಡದ್ದು.

ಅವರಂತೆ ನಾನೂ ಚಿತ್ರಗಳಿಗೆ ಚರ್ಮದ ಬಣ್ಣದ ಗುರುತು ಹಾಕಲು ಕುಳಿತೆ, ತೀರ ತಿಳಿಬಣ್ಣಕ್ಕೆ ಒಂದು, ತೀರ ಕಪ್ಪಿಗೆ ಆರು ಎಂಬಂತೆ. ಸುಲಭದ ಕೆಲಸ ಎಂದುಕೊಂಡಿದ್ದೆ. ಒಬ್ಬಳೇ ಮಹಿಳೆಯ ಎರಡು ಚಿತ್ರಗಳು ಎದುರಿಗಿದ್ದವು. ಒಂದು ಕಿಟಕಿಯ ಬೆಳಕಿನಲ್ಲಿ ತೆಗೆದದ್ದು, ಇನ್ನೊಂದು ಟ್ಯೂಬ್‌ಲೈಟಿನ ಕೆಳಗೆ. ಮೊದಲನೆಯದಕ್ಕೆ ನಾಲ್ಕನೇ ದರ್ಜೆ ಬರೆದೆ, ಎರಡನೆಯದಕ್ಕೆ ಆರು. ಜೊತೆಯಲ್ಲಿ ಗುರುತು ಹಾಕುತ್ತಿದ್ದ ಸಹೋದ್ಯೋಗಿ ಎರಡಕ್ಕೂ ಐದು ಎಂದು ಬರೆದಿದ್ದಳು. ಟ್ಯೂಬ್‌ಲೈಟಿನ ಚಿತ್ರದಲ್ಲಿ ಹಿಂದಿನ ಬಿಳಿ ಗೋಡೆ ಸ್ಫುಟವಾಗಿತ್ತು. ಆಕೆಯ ಕೆನ್ನೆ, ಗಲ್ಲ, ಕಣ್ಣಿನ ಅಂಚು ಒಂದೇ ಕಪ್ಪಿನಲ್ಲಿ ಕರಗಿಹೋಗಿದ್ದವು. ಕ್ಯಾಮೆರಾ ಬೆಳಕನ್ನು ಗೋಡೆಗೆ ಹೊಂದಿಸಿಕೊಂಡಿತ್ತು, ಆಕೆಗಲ್ಲ.

ನಾವು ಬಳಸುತ್ತಿದ್ದ ಆರು ದರ್ಜೆಗಳ ಮಾಪಕದ ಕಥೆಯನ್ನೂ ಹೇಳಬೇಕು. 1975ರಲ್ಲಿ ಫಿಟ್ಜ್‌ಪ್ಯಾಟ್ರಿಕ್ ಎಂಬ ಚರ್ಮವೈದ್ಯರು, ಬಿಸಿಲಿಗೆ ಚರ್ಮ ಹೇಗೆ ಸುಡುತ್ತದೆ ಎಂದು ತಿಳಿಯಲು ಮಾಡಿದ್ದು ಅದು. ಮೊದಲಿದ್ದ ನಾಲ್ಕು ದರ್ಜೆಗಳೂ ಬಿಳಿಯರಿಗೆ ಮೀಸಲು. ಕಂದು, ಕಪ್ಪು ಬಣ್ಣದವರಿಗೆಂದು ಎರಡನ್ನು ಆಮೇಲೆ ಸೇರಿಸಿದರು. ತಾರತಮ್ಯವನ್ನು ಅಳೆಯಲು ನಾನು ಹಿಡಿದಿದ್ದ ಕೋಲಿನಲ್ಲೇ ಕಂದು, ಕಪ್ಪು ಬಣ್ಣದ ಅಸಂಖ್ಯ ಜನ ಕೊನೆಯ ಎರಡು ಗೆರೆಗಳ ನಡುವೆ ಇಕ್ಕಟ್ಟಿನಲ್ಲಿ ನಿಂತಿದ್ದರು. ಬೇರೆ ಕೋಲು ಕೈಯಲ್ಲಿರಲಿಲ್ಲವಾದ್ದರಿಂದ ಅದನ್ನೇ ಬಳಸಿ, ಅದರ ಕೊರತೆಯನ್ನು ವರದಿಯಲ್ಲಿ ಬರೆದೆ.

ಯಾವ ಗುಂಪಿನಲ್ಲಿ ಎಷ್ಟು ತಪ್ಪು ಎಂಬ ಪಟ್ಟಿ ಸಿದ್ಧವಾದ ಮೇಲೆ ನಿಜವಾದ ಜಗಳ ಹತ್ತಿಕೊಂಡದ್ದು ‘ಮಿತಿ’ಯ ಬಗ್ಗೆ. ಇಂಥ ತಂತ್ರಾಂಶ ‘ಇವನೇ ಅವನು’ ಎಂದು ಹೇಳುವುದಿಲ್ಲ. ಎರಡು ಮುಖಗಳು ಎಷ್ಟು ಹೋಲುತ್ತವೆ ಎಂಬುದಕ್ಕೆ ಒಂದು ಅಂಕ ಕೊಡುತ್ತದೆ, ಅಷ್ಟೆ. ಎಷ್ಟು ಅಂಕ ಬಂದರೆ ಒಂದೇ ಮುಖ ಎಂದು ಒಪ್ಪಬೇಕು ಎಂಬುದನ್ನು ಕುರ್ಚಿಯಲ್ಲಿ ಕುಳಿತ ಮನುಷ್ಯರು ತೀರ್ಮಾನಿಸುತ್ತಾರೆ. ಒಂದು ಗುಂಪಿಗೆ ಸುರಕ್ಷಿತವಾದ ಮಿತಿ ಇನ್ನೊಂದು ಗುಂಪಿಗೆ ಅಪಾಯಕಾರಿಯಾಗಬಹುದು. ಅಮೆರಿಕದ ಮಾನಕ ಸಂಸ್ಥೆ 2019ರ ಡಿಸೆಂಬರಿನಲ್ಲಿ 189 ತಂತ್ರಾಂಶಗಳ ಪರೀಕ್ಷೆಯನ್ನು ಪ್ರಕಟಿಸಿತು. ಅವುಗಳಲ್ಲಿ ಹಲವು, ಬಿಳಿಯರಿಗೆ ಹೋಲಿಸಿದರೆ ಕಪ್ಪು ಮತ್ತು ಏಷ್ಯಾ ಮೂಲದವರಲ್ಲಿ ಒಬ್ಬರನ್ನು ಇನ್ನೊಬ್ಬರೆಂದು 10ರಿಂದ 100 ಪಟ್ಟು ಹೆಚ್ಚಾಗಿ ತಪ್ಪು ತಿಳಿದಿದ್ದವು. ಚೀನಾದಲ್ಲಿ ತಯಾರಾದ ಕೆಲವು ತಂತ್ರಾಂಶಗಳಲ್ಲಿ ಪೂರ್ವ ಏಷ್ಯಾದ ಮುಖಗಳ ವಿಷಯದಲ್ಲಿ ಈ ದೋಷ ಇರಲಿಲ್ಲ. ದೋಷ ಮುಖದಲ್ಲಿಲ್ಲ, ತಂತ್ರಾಂಶಕ್ಕೆ ಕಲಿಸಿದವರ ಮುಂದೆ ಯಾರ ಚಿತ್ರಗಳಿದ್ದವು ಎಂಬುದರಲ್ಲಿದೆ ಎನ್ನಲು ಸಭೆಯಲ್ಲಿ ನಾನು ಮುಂದಿಟ್ಟದ್ದು ಇದನ್ನೇ.

ನನ್ನ ಪಟ್ಟಿಯಲ್ಲೂ ಕಪ್ಪು ಬಣ್ಣದವರ ಕೊನೆಯ ಸಾಲುಗಳೇ ಸೋತಿದ್ದವು. ‘ಹಾಗಾದರೆ ಒಂದೊಂದು ಗುಂಪಿಗೆ ಒಂದೊಂದು ಮಿತಿ ಇಡೋಣ’ ಎಂದರು ಒಬ್ಬರು. ಸದುದ್ದೇಶದಿಂದಲೇ ಹೇಳಿದ್ದು. ಆದರೆ ಹಾಗೆ ಮಾಡಬೇಕಾದರೆ ಯಂತ್ರವು ಮೊದಲು ಎದುರಿಗಿರುವವರ ಜನಾಂಗ ಯಾವುದೆಂದು ಊಹಿಸಬೇಕು. ಒಂದು ಅನ್ಯಾಯ ಸರಿಪಡಿಸಲು ಜನರನ್ನು ಬಣ್ಣದಿಂದ ವಿಂಗಡಿಸುವ ಇನ್ನೊಂದು ಯಂತ್ರ ಕಟ್ಟುವುದು ನನಗೆ ಒಪ್ಪಿಗೆಯಾಗಲಿಲ್ಲ.

ಅಮೆರಿಕದ ಡೆಟ್ರಾಯಿಟ್ ನಗರದ ಹೊರವಲಯದಲ್ಲಿ 2020ರ ಜನವರಿಯಲ್ಲಿ ಒಬ್ಬ ಕಪ್ಪು ವರ್ಣೀಯ ತಂದೆಯನ್ನು ಮನೆಯಂಗಳದಲ್ಲೇ, ಪುಟ್ಟ ಹೆಣ್ಣುಮಕ್ಕಳ ಎದುರು ಆ ನಗರದ ಪೊಲೀಸರು ಬಂಧಿಸಿದ್ದು ಇಂಥದೇ ಒಂದು ತಪ್ಪು ಹೋಲಿಕೆಯನ್ನು ನಂಬಿ. ಕೈಗಡಿಯಾರ ಕದ್ದ ಆರೋಪ. ಕದ್ದವರು ಬೇರೆ ಯಾರೋ. ಪೊಲೀಸರ ವಿರುದ್ಧ ಆತ ಹೂಡಿದ ಮೊಕದ್ದಮೆ 2024ರಲ್ಲಿ ಇತ್ಯರ್ಥವಾದಾಗ, ಯಂತ್ರದ ಹೋಲಿಕೆಯೊಂದನ್ನೇ ಆಧಾರವಾಗಿಟ್ಟುಕೊಂಡು ಬಂಧಿಸುವಂತಿಲ್ಲ ಎಂದು ಆ ನಗರದ ಪೊಲೀಸರು ಒಪ್ಪಬೇಕಾಯಿತು. ಸಭೆಯಲ್ಲಿ ಈ ಪ್ರಕರಣ ಹೇಳಿದಾಗ ಕೇಳಿಬಂದ ಪ್ರಶ್ನೆ, ‘ಅದು ಬಳಸಿದವರ ತಪ್ಪಲ್ಲವೇ?’ ಬಳಸುವವರಿಗೆ ನಾವು ಆ ಕೊನೆಯ ಸಾಲುಗಳನ್ನು ತೋರಿಸುತ್ತೇವೆಯೇ ಎಂದು ಕೇಳಿದೆ. ಯಾರೂ ಮಾತಾಡಲಿಲ್ಲ.

ಮೊದಲ ಪುಟದ ಒಂಟಿ ಅಂಕಿಯನ್ನು ತೆಗೆದು ಅಲ್ಲಿ ಇಡೀ ಪಟ್ಟಿಯನ್ನು ಹಾಕಿಸುವಷ್ಟರಲ್ಲಿ ಮೂರು ಸಭೆಗಳು ಕಳೆದವು. ವರದಿಯ ಕೊನೆಯಲ್ಲಿ ‘ಬಳಕೆಗೆ ಯೋಗ್ಯ’ ಎಂಬ ಅಚ್ಚಾದ ಸಾಲಿನ ಕೆಳಗೆ ನನ್ನ ಸಹಿಗೆ ಜಾಗ ಬಿಟ್ಟಿದ್ದರು. ಆ ಸಾಲನ್ನು ಹೊಡೆದುಹಾಕಿ, ‘ಯಾರ ಮೇಲೆ ಬಳಸುವಿರಿ, ಅವರು ಒಪ್ಪಿದ್ದಾರೆಯೇ, ತಪ್ಪಾದರೆ ಯಾರ ಬಳಿ ದೂರಬೇಕು ಎಂಬುದನ್ನು ತಿಳಿಸಿ’ ಎಂದು ಕೈಯಲ್ಲಿ ಬರೆದು, ಅದರ ಕೆಳಗೆ ಸಹಿ ಹಾಕಿ ಕಳಿಸಿದೆ.