ಟಿಕೆಟ್ ಬುಕ್ ಮಾಡುವ ಮುನ್ನ ಅತ್ತೆಯ ಪೂರ್ತಿ ಹೆಸರು ಕೇಳಿಕೊಳ್ಳಿ

ಕೆಂಪೇಗೌಡ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್, ರಾತ್ರಿ ಒಂದೂವರೆ. ಚೆಕ್‌ಇನ್ ಸಾಲಿನಲ್ಲಿ ನನ್ನ ಮುಂದೆ ಅರವತ್ತು ದಾಟಿದ ಗಂಡ ಹೆಂಡತಿ. ಮಗಳ ಬಾಣಂತನಕ್ಕೆ ಅಮೆರಿಕಕ್ಕೆ ಹೊರಟವರು. ಸೂಟ್‌ಕೇಸುಗಳ ಹಿಡಿಕೆಗೆ ಗುರುತಿಗೆಂದು ಹಳೇ ಸೀರೆಯ ಅಂಚು ಕಟ್ಟಿತ್ತು, ಆಕೆಯ ಕೈಚೀಲದಲ್ಲಿ ಅಂಟಿನುಂಡೆಯ ಡಬ್ಬಿ. ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಕಂಪ್ಯೂಟರ್ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು. ಟಿಕೆಟ್‌ನಲ್ಲಿ ‘ಪದ್ಮಾ’, ಮುಂದೆ ಗಂಡನ ಹೆಸರು. ಪಾಸ್‌ಪೋರ್ಟಿನಲ್ಲಿ ‘ಪದ್ಮಾವತಮ್ಮ’, ಮುಂದೆ ಅಪ್ಪನ ಹೆಸರು. “ಅಳಿಯಂದ್ರು ಬುಕ್ ಮಾಡಿದ್ದಮ್ಮ” ಎಂದರು ಯಜಮಾನರು. ಪಾಪ, ಅಳಿಯ ಏನು ಮಾಡಿಯಾನು? ನಮ್ಮಲ್ಲಿ ಅತ್ತೆಯನ್ನು ಹೆಸರು ಹಿಡಿದು ಕರೆಯುವವರು ಯಾರು! ಮನೆಯಲ್ಲಿ ಎಲ್ಲರೂ ‘ಪದ್ಮಾ’ ಅನ್ನುವುದನ್ನು ಕೇಳಿದ್ದ, ಅದನ್ನೇ ಹಾಕಿದ್ದ. ಮುಕ್ಕಾಲು ಗಂಟೆ, ಎರಡು ದೇಶಗಳ ಮಧ್ಯೆ ನಾಲ್ಕಾರು ಫೋನು, ಆಮೇಲೆ ಬೋರ್ಡಿಂಗ್ ಪಾಸ್ ಬಂತು. ಅಷ್ಟು ಹೊತ್ತೂ ಆಕೆ ಸೂಟ್‌ಕೇಸ್ ಮೇಲೆ ಕೂತು ಡಬ್ಬಿಯನ್ನು ಅವುಚಿಕೊಂಡಿದ್ದರು.

ನಮ್ಮ ಬಳಗದಲ್ಲಿ ಟಿಕೆಟ್ ಬುಕ್ ಮಾಡುವ ಗುಮಾಸ್ತ ನಾನೇ. ಇಂಥ ಎಡವಟ್ಟುಗಳನ್ನು ನೋಡಿ ನೋಡಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದಲೇಬೇಕೆ ಎಂದು ಕೇಳುವವರಿಗೆ ನನ್ನ ಉತ್ತರ: ಹೊಂದಬೇಕು ಎಂದುಕೊಂಡೇ ಬುಕ್ ಮಾಡಿ. ಎಲ್ಲೆಲ್ಲಿ ರಿಯಾಯಿತಿ ಇದೆ ಅನ್ನುವುದು ತಪ್ಪಾದ ಮೇಲೆ ಬೇಕಾಗುವ ವಿಷಯ.

ಹಂತ 1: ಪಾಸ್‌ಪೋರ್ಟನ್ನು ಬೀರುವಿನಿಂದ ಹೊರಗೆ ತೆಗೆಯಿರಿ

ನೆನಪಿನಿಂದ ಬೇಡ, ಆಧಾರ್‌ನಿಂದ ಬೇಡ, ಮದುವೆ ಕರೆಯೋಲೆಯಿಂದಂತೂ ಬೇಡವೇ ಬೇಡ. ಯಾವ ಪಾಸ್‌ಪೋರ್ಟ್ ಹಿಡಿದು ಹೋಗುತ್ತೀರೋ ಅದರ ಫೋಟೊ ಇರುವ ಪುಟ ತೆರೆದಿಡಿ. ಅವಧಿ ಇನ್ನೂ ಆರು ತಿಂಗಳಿಗಿಂತ ಹೆಚ್ಚು ಇದೆಯೇ ಎಂದೂ ನೋಡಿಬಿಡಿ.

ಆ ಪುಟದ ತಳದಲ್ಲಿ ಬಾಣದ ತಲೆಯಂಥ ಗುರುತುಗಳಿಂದ ತುಂಬಿದ ಎರಡು ಸಾಲುಗಳಿವೆ. ಒಂದೊಂದರಲ್ಲೂ 44 ಅಕ್ಷರ ಜಾಗ. ಮೇಲಿನ ಸಾಲಿನ ಮೊದಲ ಐದು ಜಾಗ ದಾಖಲೆಯ ಬಗೆ ಮತ್ತು ದೇಶಕ್ಕೆ, ಉಳಿದ 39 ನಿಮ್ಮ ಹೆಸರಿಗೆ. ಮೊದಲು ಸರ್‌ನೇಮ್, ಅಂದರೆ ಮನೆತನದ ಹೆಸರು, ಆಮೇಲೆ ಎರಡು ಬಾಣದ ತಲೆ, ಆಮೇಲೆ ಗಿವನ್ ನೇಮ್, ಅಂದರೆ ನಿಮಗಿಟ್ಟ ಹೆಸರು. ಕೌಂಟರಿನ ಯಂತ್ರ ಓದುವುದು ಈ ಸಾಲುಗಳನ್ನೇ. ಅಂಚೆಪೆಟ್ಟಿಗೆಯಷ್ಟು ದಪ್ಪದ ರೆಕ್ಸಿನ್ ಕವರನ್ನು ಫುಟ್‌ಪಾತಿನಲ್ಲಿ ಮಾರುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಡಿ. ಯಂತ್ರಕ್ಕೆ ಹಾಕುವಾಗ ಹೇಗೂ ಬಿಚ್ಚಿಸುತ್ತಾರೆ, ಬಿಚ್ಚುವ ಗಡಿಬಿಡಿಯಲ್ಲಿ ಒಳಗಿಟ್ಟ ಚೀಟಿಗಳೆಲ್ಲ ನೆಲಕ್ಕೆ.

ಹಂತ 2: ಹೆಸರು ತುಂಬುವುದು

ಎಲ್ಲರೂ ಎಡವುವುದು ಇಲ್ಲೇ. ಬುಕಿಂಗ್ ಪುಟ ಮಾಡಿದವನು ಜಗತ್ತಿನಲ್ಲಿ ಎಲ್ಲರಿಗೂ ಒಂದು ಹೆಸರು, ಒಂದು ಮನೆತನದ ಹೆಸರು ಇರುತ್ತದೆ ಎಂದು ನಂಬಿದವನು. ನಮ್ಮದು ಹಾಗಲ್ಲ. ಹೆಚ್.ಎನ್. ರಾಮಚಂದ್ರ ಎಂದರೆ ಊರು ಹೊಸಹಳ್ಳಿ, ಅಪ್ಪ ನಂಜುಂಡಪ್ಪ, ಇವರು ರಾಮಚಂದ್ರ. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಬಿಡಿಸಿ ಬರೆಯಬೇಕಾಗಿ ಬಂದಾಗ ಈ ಮೂರು ಪದ ಎಲ್ಲಿ ಬಿದ್ದವು ಎನ್ನುವುದು ಅವತ್ತು ಫಾರಂ ತುಂಬಿದವರ ಮರ್ಜಿ. ಒಬ್ಬರಿಗೆ ‘ಹೊಸಹಳ್ಳಿ ನಂಜುಂಡಪ್ಪ’ ಸರ್‌ನೇಮ್ ಆಗಿ, ವಿದೇಶದಲ್ಲಿ ಎಲ್ಲರೂ ‘ಮಿಸ್ಟರ್ ಹೊಸಹಳ್ಳಿ’ ಎಂದು ಕರೆಯುತ್ತಾರೆ. ಇನ್ನೊಬ್ಬರಿಗೆ ಮೂರೂ ಪದ ಗಿವನ್ ನೇಮ್‌ನಲ್ಲಿ, ಸರ್‌ನೇಮ್ ಜಾಗ ಖಾಲಿ. ಒಂದೇ ಮನೆಯಲ್ಲಿ ಅಪ್ಪನಿಗೊಂದು, ಅಮ್ಮನಿಗೊಂದು, ಮಕ್ಕಳಿಗೊಂದು ಸರ್‌ನೇಮ್ ಇದ್ದರೂ ಗಾಬರಿ ಬೇಡ. ಎಲ್ಲರಿಗೂ ಒಂದೇ ಇರಲಿ ಎಂದು ಟಿಕೆಟ್‌ನಲ್ಲಿ ‘ಸರಿ ಮಾಡುವ’ ಉತ್ಸಾಹವೂ ಬೇಡ.

ಎರಡೂ ಜಾಗ ತುಂಬಿದ್ದರೆ ಕೆಲಸ ಸುಲಭ: ಅಲ್ಲಿರುವುದನ್ನು ಇಲ್ಲಿಗೆ ಇಳಿಸಿ. ಮಿಡ್ಲ್ ನೇಮ್ ಎಂಬ ಮೂರನೇ ಪೆಟ್ಟಿಗೆ ಕಂಡರೆ ಅದನ್ನು ಮುಟ್ಟದೆ, ಗಿವನ್ ನೇಮ್‌ನ ಎಲ್ಲ ಪದಗಳನ್ನೂ ಒಟ್ಟಿಗೆ ಮೊದಲ ಪೆಟ್ಟಿಗೆಗೇ ಹಾಕಿ.

ಸರ್‌ನೇಮ್ ಖಾಲಿ ಇದ್ದರೆ ಕುರ್ಚಿ ಎಳೆದುಕೊಂಡು ಸರಿಯಾಗಿ ಕೂತುಕೊಳ್ಳಿ. ಪುಟ ಖಾಲಿ ಬಿಡಲು ಬಿಡುವುದಿಲ್ಲ, ಕೆಂಪು ಗೆರೆ ತೋರಿಸುತ್ತದೆ. ಆಗ ಜನ ಚುಕ್ಕಿ ಇಡುತ್ತಾರೆ, ‘ಇಲ್ಲ’ ಎಂದು ಬರೆಯುತ್ತಾರೆ, ಜಾತಿಯ ಹೆಸರನ್ನೋ ಮನೆದೇವರ ಹೆಸರನ್ನೋ ಹಾಕುತ್ತಾರೆ. ಯಾವುದೂ ಬೇಡ. ಒಂದೊಂದು ವಿಮಾನ ಸಂಸ್ಥೆಗೆ ಒಂದೊಂದು ಪದ್ಧತಿ. ಕೆಲವರು ಅದೇ ಹೆಸರನ್ನು ಎರಡೂ ಪೆಟ್ಟಿಗೆಯಲ್ಲಿ ಬರೆಯಿರಿ ಎನ್ನುತ್ತಾರೆ. ಕೆಲವರು ಹೆಸರನ್ನು ಸರ್‌ನೇಮ್‌ನಲ್ಲಿ ಹಾಕಿ, ಮೊದಲ ಪೆಟ್ಟಿಗೆಯಲ್ಲಿ ‘ಎಫ್‌ಎನ್‌ಯು’ ಎಂದು ಬರೆಯಿರಿ ಎನ್ನುತ್ತಾರೆ. ‘ಮೊದಲ ಹೆಸರು ತಿಳಿದಿಲ್ಲ’ ಎಂಬುದರ ಇಂಗ್ಲಿಷ್ ಮೊದಲಕ್ಷರಗಳು ಅವು. ಆ ಸಂಸ್ಥೆಯ ಸಹಾಯ ಪುಟದಲ್ಲಿ ಹುಡುಕಿ, ಸಿಗದಿದ್ದರೆ ದುಡ್ಡು ಕಟ್ಟುವ ಮೊದಲು ಫೋನ್ ಮಾಡಿ. ಕಟ್ಟಿದ ಮೇಲಲ್ಲ. ಬುಕಿಂಗ್ ಪೋರ್ಟಲ್‌ಗಳ ಚಾಟ್ ಕಿಟಕಿಯಲ್ಲಿ ಕೇಳುವುದು ವ್ಯರ್ಥ. ಅದು “ನಿಮ್ಮ ಪಾಸ್‌ಪೋರ್ಟಿನಲ್ಲಿ ಇರುವಂತೆ ಬರೆಯಿರಿ” ಎನ್ನುತ್ತದೆ. ಅಯ್ಯಾ, ಪಾಸ್‌ಪೋರ್ಟಿನಲ್ಲಿ ಇಲ್ಲ ಎಂದೇ ತಾನೆ ಕೇಳುತ್ತಿರುವುದು!

ಅಮೆರಿಕದ ಮಾತು ಬೇರೆ. ಸರ್‌ನೇಮ್ ಖಾಲಿ ಇರುವ ಪಾಸ್‌ಪೋರ್ಟಿಗೆ ಅವರು ವೀಸಾ ಕೊಡುವಾಗ ನಿಮ್ಮ ಇಡೀ ಹೆಸರನ್ನು ಸರ್‌ನೇಮ್ ಜಾಗಕ್ಕೆ ದಾಟಿಸಿ, ಗಿವನ್ ನೇಮ್‌ನಲ್ಲಿ ಎಫ್‌ಎನ್‌ಯು ಎಂದು ಅಚ್ಚು ಹಾಕುತ್ತಾರೆ. ಅಂಥ ವೀಸಾ ಇದ್ದರೆ ಟಿಕೆಟ್ಟೂ ಅದೇ ಜಾಡಿನಲ್ಲಿರಲಿ. ಟಿಕೆಟ್‌ನ ಹೆಸರು, ಹುಟ್ಟಿದ ದಿನ, ಗಂಡೋ ಹೆಣ್ಣೋ ಎಂಬ ವಿವರ ಎಲ್ಲವೂ ವಿಮಾನ ಏಳುವ ಮೊದಲೇ ಅವರ ಭದ್ರತಾ ವಿಭಾಗಕ್ಕೆ ಹೋಗಿರುತ್ತದೆ. ಹೀಗಾಗಿ ಕಿರಣ, ಶಶಿ ಎಂಬ ಹೆಸರಿನವರು ಮಿಸ್ಟರ್, ಮಿಸ್ ಆಯ್ಕೆಯನ್ನು ಎರಡು ಸಲ ನೋಡಿಕೊಳ್ಳಿ.

ದುಬೈಗೆ ಹೋಗುವವರಿಗೆ ಇನ್ನೊಂದು ಗಂಟು. 2022ರ ನವೆಂಬರ್ 21ರಿಂದ ದುಬೈ ಇರುವ ದೇಶವಾದ ಯುಎಇ ಒಂದು ನಿಯಮ ತಂದಿತು: ಪಾಸ್‌ಪೋರ್ಟಿನಲ್ಲಿ ಬರೀ ‘ಮಂಜುನಾಥ’ ಎಂದು ಒಂದೇ ಪದವಿದ್ದು ಇನ್ನೊಂದು ಜಾಗ ಖಾಲಿ ಇದ್ದರೆ ಪ್ರವಾಸಿ ವೀಸಾದವರಿಗೆ ಪ್ರವೇಶವಿಲ್ಲ. ‘ಮಂಜುನಾಥ ರಾಮಯ್ಯ’ ಎಂದು ಎರಡು ಪದ ಒಂದೇ ಜಾಗದಲ್ಲಿದ್ದರೂ ನಡೆಯುತ್ತದೆ. ಆಮೇಲೆ ಬಂದ ಸ್ಪಷ್ಟನೆಯಂತೆ, ಅಲ್ಲಿಗೆ ಇಳಿದ ಮೇಲೆ ವೀಸಾ ಪಡೆಯುವ ಅರ್ಹತೆ ಇರುವವರಿಗೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರೋ ಮನೆತನದ ಹೆಸರೋ ಇದ್ದರೆ ಸಾಕು. ಒಂಟಿ ಹೆಸರಿನವರು ದುಬೈ ಟಿಕೆಟ್ಟಿಗೆ ಕೈ ಹಾಕುವ ಮೊದಲು ವಿಮಾನ ಸಂಸ್ಥೆಯನ್ನು ಕೇಳಿಯೇ ಮುಂದುವರಿಯಬೇಕು. ವಿಮಾನ ಸಂಸ್ಥೆಯವರು ಇಷ್ಟು ಬಿಗಿಯಾಗಿರುವುದಕ್ಕೂ ಕಾರಣವಿದೆ. ದಾಖಲೆ ಸರಿ ಇಲ್ಲದವರನ್ನು ಕರೆದೊಯ್ದರೆ ಹಲವು ದೇಶಗಳಲ್ಲಿ ಅವರಿಗೇ ದಂಡ, ವಾಪಸು ಕರೆತರುವ ಭಾರವೂ ಅವರದ್ದೇ.

ಇನ್ನು ಕಾಗುಣಿತ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವುದಕ್ಕೆ ಲಂಗುಲಗಾಮಿಲ್ಲ. ಮಂಜುನಾಥ, ವೆಂಕಟೇಶ, ನಾಗರಾಜ ಇವುಗಳ ಕೊನೆಯಲ್ಲಿ ‘ಎ’ ಇರುತ್ತದೋ ಇಲ್ಲವೋ. ಗೌಡದಲ್ಲಿ ‘ಡಬ್ಲ್ಯು’ವೋ ‘ಯು’ವೋ. ಲಕ್ಷ್ಮಿಯಲ್ಲಿ ‘ಕೆಎಸ್‌ಎಚ್’ ಇದೆಯೋ ‘ಎಕ್ಸ್’ ಇದೆಯೋ. ಫೋನಿನಲ್ಲಿ ಹೆಸರು ಹೇಳಿ ಏಜೆಂಟರಿಂದ ಬುಕ್ ಮಾಡಿಸಿದರೆ ಕೊನೆಯ ‘ಎ’ ಉದುರಿಯೇ ಉದುರುತ್ತದೆ. ಪರಿಚಯದ ಏಜೆಂಟರಾದರೆ ಪಾಸ್‌ಪೋರ್ಟ್ ಪುಟದ ಫೋಟೊ ಕಳಿಸಿ. ಗುರುತಿಲ್ಲದವರಾದರೆ ಹೆಸರನ್ನು ಟೈಪ್ ಮಾಡಿ ಕಳಿಸಿ, ಪಾಸ್‌ಪೋರ್ಟ್ ಫೋಟೊ ಎಲ್ಲರ ವಾಟ್ಸ್ಆ್ಯಪಿನಲ್ಲಿ ಬಿದ್ದಿರುವ ವಸ್ತುವಲ್ಲ.

ನೀವೇ ಬುಕ್ ಮಾಡುವುದಾದರೆ ಆಟೊಫಿಲ್ ಎಂಬ ಶನಿಯನ್ನು ಆಫ್ ಮಾಡಿ. ಬಟ್ಟೆ ತರಿಸಿಕೊಂಡಾಗ ಕೊಟ್ಟಿದ್ದ ‘ಮಂಜು ಸೆಕೆಂಡ್ ಫ್ಲೋರ್’ ಎಂಬ ಹೆಸರನ್ನೇ ಅದು ಟಿಕೆಟ್ಟಿಗೂ ತುಂಬಿಬಿಡುತ್ತದೆ. ನಗಬೇಡಿ, ನಮ್ಮ ಭಾವಮೈದುನನಿಗೆ ಆಗಿದ್ದು.

ಮದುವೆಯಾದ ಹೆಣ್ಣುಮಕ್ಕಳಿಗೆ ಒಂದು ಮಾತು. ಪಾಸ್‌ಪೋರ್ಟ್ ತವರಿನ ಹೆಸರಿನಲ್ಲಿದ್ದರೆ ಟಿಕೆಟ್ಟೂ ತವರಿನ ಹೆಸರಿನಲ್ಲೇ. ಮದುವೆಯಾದ ಮಾತ್ರಕ್ಕೆ ಹೆಸರು ಬದಲಿಸಲೇಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಹನಿಮೂನಿಗೆ ಗಂಡನ ಹೆಸರು ಸೇರಿಸಿ ಬುಕ್ ಮಾಡಿ, ಮ್ಯಾರೇಜ್ ಸರ್ಟಿಫಿಕೇಟ್ ತೋರಿಸಿದರಾಯಿತು ಎಂದು ಹೊರಡುವವರಿದ್ದಾರೆ. ಕೌಂಟರಿನವರು ಒಪ್ಪಿದರೆ ಪುಣ್ಯ, ಒಪ್ಪದಿದ್ದರೆ ಕೇಳುವ ಹಕ್ಕಿಲ್ಲ.

ಹಂತ 3: ಟಿಕೆಟ್ ಬಂದ ದಿನವೇ ಓದಿ

ಇ-ಟಿಕೆಟ್ ಬಂದ ತಕ್ಷಣ ಇನ್ನೊಬ್ಬರ ಕೈಗೆ ಪಾಸ್‌ಪೋರ್ಟ್ ಕೊಟ್ಟು ಒಂದೊಂದೇ ಅಕ್ಷರ ಓದಿಸಿ, ನೀವು ಟಿಕೆಟ್‌ನಲ್ಲಿ ಹೊಂದಿಸಿ ನೋಡಿ. ಅವತ್ತೇ ಯಾಕೆಂದರೆ, ನಮ್ಮ ವಿಮಾನಯಾನದ ಸರ್ಕಾರಿ ನಿಯಂತ್ರಕ ಡಿಜಿಸಿಎ ನಿಯಮದ ಪ್ರಕಾರ ವಿಮಾನ ಸಂಸ್ಥೆಯ ಸ್ವಂತ ವೆಬ್‌ಸೈಟಿನಲ್ಲಿ ಬುಕ್ ಮಾಡಿದ್ದು, 24 ಗಂಟೆಯೊಳಗೆ ತಪ್ಪು ತೋರಿಸಿದರೆ ಅದೇ ವ್ಯಕ್ತಿಯ ಹೆಸರು ತಿದ್ದುವುದಕ್ಕೆ ಹೆಚ್ಚುವರಿ ದುಡ್ಡು ಕೇಳುವಂತಿಲ್ಲ. ನಾನು ಪೋರ್ಟಲ್ ಬಿಟ್ಟು ನೇರವಾಗಿ ಬುಕ್ ಮಾಡುವುದು ಈ ಒಂದು ಕಾರಣಕ್ಕೆ. ಇನ್ನೂರು ಮುನ್ನೂರು ರೂಪಾಯಿ ಕೂಪನ್ ಆಸೆಗೆ ಆ ಹಕ್ಕು ಬಿಟ್ಟುಕೊಡುವುದು ನನಗೆ ಒಗ್ಗುವುದಿಲ್ಲ.

ಟಿಕೆಟ್‌ನಲ್ಲಿ ಹೆಸರು ತಲೆಕೆಳಗಾಗಿ, ಸರ್‌ನೇಮ್ ಮೊದಲು, ಓರೆಗೆರೆ, ಆಮೇಲೆ ಪದಗಳೆಲ್ಲ ಅಂಟಿಕೊಂಡು, ಬಾಲಕ್ಕೆ ‘ಎಂಆರ್’ ಸೇರಿಕೊಂಡು ಬರುತ್ತದೆ. ‘ಗೌಡ/ರಮೇಶಎಂಆರ್’ ಎಂದು ನೋಡಿ ನಮ್ಮ ಚಿಕ್ಕಪ್ಪ ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದ್ದರು. ಅದು ಮಿಸ್ಟರ್, ತಪ್ಪಲ್ಲ. ಕೃಷ್ಣಮೂರ್ತಿ ಒಂದೇ ಪದವಾಗಿದ್ದು ಅಲ್ಲಿ ಎರಡಾಗಿದ್ದರೂ ಸಾಮಾನ್ಯವಾಗಿ ತಕರಾರಿಲ್ಲ. ಉದ್ದ ಹೆಸರಿನ ಬಾಲ ಜಾಗ ಸಾಲದೆ ಕತ್ತರಿಸಿದ್ದರೂ ಅಷ್ಟೆ.

ಹಂತ 4: ತಪ್ಪು ಕಂಡರೆ

ಮೊದಲು ಮಾಡಬಾರದ್ದು: ಟಿಕೆಟ್ ರದ್ದು ಮಾಡಬೇಡಿ, ವೆಬ್ ಚೆಕ್‌ಇನ್ ಮಾಡಬೇಡಿ. ಚೆಕ್‌ಇನ್ ಆದ ಮೇಲೆ ತಿದ್ದುವುದು ದೊಡ್ಡ ರಾಮಾಯಣ.

ಸಂಸ್ಥೆಯಲ್ಲೇ ಬುಕ್ ಮಾಡಿದ್ದರೆ ಸಂಸ್ಥೆಗೆ, ಏಜೆಂಟರಲ್ಲಿ ಮಾಡಿಸಿದ್ದರೆ ಏಜೆಂಟರಿಗೆ ಫೋನ್ ಮಾಡಿ. ಒಂದೆರಡು ಅಕ್ಷರ ತಪ್ಪು, ಹಿಂದುಮುಂದಾದ ಹೆಸರು, ಇವನ್ನು ಹೆಚ್ಚಿನವರು ತಿದ್ದಿಕೊಡುತ್ತಾರೆ. ಒಬ್ಬರ ಟಿಕೆಟನ್ನು ಇನ್ನೊಬ್ಬರ ಹೆಸರಿಗೆ ಮಾಡುವುದು ಮಾತ್ರ ಆಗದ ಮಾತು. ಅಣ್ಣನ ಬದಲು ತಮ್ಮ ಹೋಗುತ್ತಾನೆ ಎಂದರೆ ಹೊಸ ಟಿಕೆಟ್ಟೇ. ಕೇಳುವಾಗ ‘ನೇಮ್ ಚೇಂಜ್’ ಎನ್ನಬೇಡಿ, ‘ನೇಮ್ ಕರೆಕ್ಷನ್’ ಎನ್ನಿ. ಮೊದಲ ಪದ ಕಿವಿಗೆ ಬಿದ್ದರೆ ಆ ಕಡೆಯವರು ಆಗುವುದಿಲ್ಲ ಎಂದು ಫೋನಿಟ್ಟುಬಿಡುತ್ತಾರೆ. ದಾರಿಯಲ್ಲಿ ವಿಮಾನ ಬದಲಿಸುವುದಿದ್ದು ಎರಡನೆಯದು ಬೇರೆ ಸಂಸ್ಥೆಯದಾಗಿದ್ದರೆ, ತಿದ್ದುಪಡಿ ಅಲ್ಲಿಗೂ ಮುಟ್ಟಿದೆಯೇ ಎಂದು ಕೇಳಿ. “ಸಿಸ್ಟಮ್‌ನಲ್ಲಿ ರಿಮಾರ್ಕ್ ಹಾಕಿದ್ದೀನಿ ಸಾರ್, ಏನೂ ಆಗಲ್ಲ” ಎನ್ನುವ ಏಜೆಂಟರಿಗೆ ನಮಸ್ಕಾರ ಹೇಳಿ, ತಿದ್ದಿದ ಹೆಸರಿರುವ ಹೊಸ ಇ-ಟಿಕೆಟ್ ಬರುವವರೆಗೆ ಬೆನ್ನು ಬಿಡಬೇಡಿ.

ನೇರವಾಗಿ ವಿಮಾನ ನಿಲ್ದಾಣದಲ್ಲೇ ನೋಡಿಕೊಳ್ಳೋಣ ಎನ್ನುವವರು, ಒಳಗೆ ಬಿಡುವ ಬಾಗಿಲಲ್ಲೇ ಭದ್ರತೆಗಿರುವ ಸಿಐಎಸ್‌ಎಫ್ ಜವಾನರು ಟಿಕೆಟ್ಟನ್ನೂ ಗುರುತಿನ ದಾಖಲೆಯನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಾರೆ ಎಂಬುದನ್ನು ನೆನಪಿಡಿ.

ದೇಶದೊಳಗಿನ ಪ್ರಯಾಣಕ್ಕೆ ಪಾಸ್‌ಪೋರ್ಟೇ ಬೇಕಿಲ್ಲ, ಯಾವ ಗುರುತಿನ ಚೀಟಿ ಒಯ್ಯುತ್ತೀರೋ ಅದರ ಹೆಸರು ಹಾಕಿ. ಆಧಾರ್ ಒಯ್ಯುವವರು ಬೀದಿ ಅಂಗಡಿಯಲ್ಲಿ ಅಚ್ಚು ಹಾಕಿಸಿದ ಪ್ಲಾಸ್ಟಿಕ್ ಕಾರ್ಡ್ ನೆಚ್ಚಬೇಡಿ. ಅಂಥವು ಬೇಡ ಎಂದು ಆಧಾರ್ ಪ್ರಾಧಿಕಾರವೇ 2022ರ ಜನವರಿಯಲ್ಲಿ ಹೇಳಿದೆ.

ಹಂತ 5: ಒಮ್ಮೆಗೇ ಮುಗಿಸಬೇಕೆಂದರೆ

ವರ್ಷಕ್ಕೆರಡು ಸಲ ಹೊರದೇಶಕ್ಕೆ ಹೋಗುವವರು ಖಾಲಿ ಸರ್‌ನೇಮ್ ಇಟ್ಟುಕೊಂಡು ಪ್ರತಿ ಸಲ ಒದ್ದಾಡುವುದಕ್ಕಿಂತ ಪಾಸ್‌ಪೋರ್ಟನ್ನೇ ರೀಇಶ್ಯೂ ಮಾಡಿಸಿ, ಅಂದರೆ ತಿದ್ದಿದ ಹೆಸರಿನಲ್ಲಿ ಹೊಸದು ಪಡೆಯಿರಿ. ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ವೈಯಕ್ತಿಕ ವಿವರದ ಬದಲಾವಣೆ ಎಂಬ ಕಾರಣ ಆಯ್ದು, ಬೆಂಗಳೂರಿನವರಾದರೆ ಲಾಲ್‌ಬಾಗ್ ರಸ್ತೆಯ ಕೇಂದ್ರಕ್ಕೋ ಮಾರತ್ತಹಳ್ಳಿ ಕಡೆಯದಕ್ಕೋ ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ನನ್ನ ಆಯ್ಕೆ ಲಾಲ್‌ಬಾಗ್ ರಸ್ತೆ. ಕೆಲಸ ಮುಗಿಸಿ ಒಂದು ಮಸಾಲೆ ದೋಸೆ ತಿಂದು ಬರಬಹುದು. ಕೋರಮಂಗಲ 8ನೇ ಬ್ಲಾಕಿನ ಪ್ರಾದೇಶಿಕ ಕಚೇರಿಗೆ ಮೊದಲೇ ಓಡಬೇಡಿ, ಅಲ್ಲಿಗೆ ಹೋಗುವುದು ಅರ್ಜಿ ಎಲ್ಲಾದರೂ ಸಿಕ್ಕಿಕೊಂಡರೆ ಮಾತ್ರ.

ಮಕ್ಕಳಿಗೆ ಮೊದಲ ಪಾಸ್‌ಪೋರ್ಟ್ ಮಾಡಿಸುವಾಗಲೇ ಎರಡೂ ಜಾಗ ತುಂಬಿಸಿ. ಅಪ್ಪನ ಹೆಸರೋ ಅಮ್ಮನ ಹೆಸರೋ ಊರಿನ ಹೆಸರೋ, ನಿಮಗಿಷ್ಟ. ಆದರೆ ಅಣ್ಣ ತಂಗಿಗೆ ಬೇರೆ ಬೇರೆ ಕಾಗುಣಿತ ಬೇಡ.

ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಹಳೆಯದರಲ್ಲಿ ಇನ್ನೂ ಚಾಲ್ತಿಯಲ್ಲಿರುವ ವೀಸಾ ಇದ್ದರೆ, ಹಳೇ ಹೆಸರಿನ ಆ ವೀಸಾ ನಡೆಯುತ್ತದೆಯೇ ಎಂದು ಆ ದೇಶದ ದೂತಾವಾಸವನ್ನು ಕೇಳಿ ಆಮೇಲೆ ಟಿಕೆಟ್ ತೆಗೆಯಿರಿ. ನಡೆಯುತ್ತದೆ ಎಂದರೆ ಎರಡು ಪುಸ್ತಕಗಳನ್ನೂ ಒಂದೇ ರಬ್ಬರ್ ಬ್ಯಾಂಡಿನಲ್ಲಿ ಸೇರಿಸಿ ಕೈಚೀಲದಲ್ಲಿಡಿ, ಸೂಟ್‌ಕೇಸಿನಲ್ಲಲ್ಲ.